ಸಂಗೀತದ ಪದವಿಯೂ ಶಾಲೆಯ ಸಂಗೀತವೂ

ಕಳೆದ ವಾರ ತಿರುಮಕೂಡಲು ನರಸೀಪುರದ ಗೃಹಸ್ಥರೊಬ್ಬರು ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ಪೇಟೆಯಲ್ಲಿ ಚಿಕ್ಕದೊಂದು ಜವಳಿ ಅಂಗಡಿಯನ್ನಿಟ್ಟುಕೊಂಡು ಸಂಸಾರವನ್ನು ಮರ್ಯಾದೆಯಿಂದ ನಡೆಸಿಕೊಂಡು ಬಂದಿರುವವರು. ಅವರ ಮಗಳು ಹನ್ನೆರಡು ವರ್ಷಗಳ ಕಾಲ ಹಾಡುಗಾರಿಕೆಯನ್ನು ಕಲಿತು, ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ, ಸಂಗೀತದಲ್ಲಿಯೇ ಮೊದಲನೆಯ ಪದವಿಯನ್ನೂ ಪಡೆದಿರುವಳು. ಈಗ ಸಂಜೆಯ ಹೊತ್ತು ಮನೆಯ ಜಗಲಿಯ ಮೇಲೆ ಇಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು ಸರಳಿ, ಜಂಟಿ ವರಸೆಗಳನ್ನು ಹೇಳಿಕೊಡುತ್ತಿರುವಳಂತೆ. ಬಂದವರು ಸ್ವಲ್ಪ ಹೊತ್ತು ಊರಿನ ಸಮಾಚಾರವನ್ನು ಮಾತನಾಡಿ, ಹೊರಡುವ ಸಮಯದಲ್ಲಿ ತಾವು ಬಂದ ಕಾರ್ಯವನ್ನು ಹೊರಗೆಡಹಿದರು. "ಸ್ವಾಮಿ, ಇನ್ನೂ ಎರಡು ವರ್ಷ ಮೈಸೂರಿಗೆ ಹೋಗಿ ಸ್ನಾತಕೋತ್ತರ ಪದವಿ ಮಾಡುತ್ತೇನೆ ಎನ್ನುತ್ತಾಳೆ. ಸಂಗೀತದ ಮೇಷ್ಟರಾಗಬೇಕಂತೆ, ಶಾಲೆಯಲ್ಲಿ. ಸರಳಿ ವರಸೆ ಹೇಳಿಕೊಡುವುದಕ್ಕೆ ಇಷ್ಟು ದೊಡ್ಡ ಪದವಿ ಯಾತಕ್ಕೆ ಅಂತ ಅವಳ ಅಜ್ಜಿ ಕೇಳುತ್ತಾರೆ. ತಾವು ನಾಲ್ಕು ಕಡೆ ತಿಳಿದವರು. ನಾನು ಹಣ ಹಾಕಲೋ ಬೇಡವೋ, ಒಂದು ಮಾತು ಹೇಳಿ."

ವಿಶ್ವವಿದ್ಯಾನಿಲಯದ ಹೊಸಲನ್ನು ವಿದ್ಯಾರ್ಥಿಯಾಗಿ ಎಂದೂ ದಾಟದ ನಮ್ಮನ್ನು ಪದವಿಯ ವಿಷಯದಲ್ಲಿ ಸಲಹೆ ಕೇಳಿದರೆಂಬುದಕ್ಕೆ ನಾವು ಒಳಗೊಳಗೇ ನಕ್ಕುಕೊಂಡೆವು. ಆದರೆ ಪ್ರಶ್ನೆ ನಗುವಂಥದಲ್ಲ. ಅಂದು ನಾವು ಅವರಿಗೆ ಸರಿಯಾದ ಉತ್ತರವನ್ನು ಕೊಡಲಿಲ್ಲ. ಇಂದು ಕೊಡಲು ಯತ್ನಿಸುವೆವು. ಆ ಉತ್ತರದ ಅರ್ಧಭಾಗವು ಅವರಿಗೂ, ಉಳಿದರ್ಧವು ನಮ್ಮ ವಾಚಕರಲ್ಲಿ ಅನೇಕರಾಗಿರುವ ಅಧಿಕಾರಿ ಮಹಾಶಯರಿಗೂ ಸಲ್ಲತಕ್ಕದ್ದಾಗಿದೆ.

ಬೇರೆ ಯಾವ ಊರಿನಿಂದ ಈ ಪ್ರಶ್ನೆ ಬಂದಿದ್ದರೂ ನಾವು ಇಷ್ಟು ಯೋಚಿಸುತ್ತಿರಲಿಲ್ಲವೇನೋ. ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲೆಂದೊಡನೆ ಸಂಗೀತವನ್ನು ಬಲ್ಲವರಿಗೆ ನೆನಪಾಗುವುದು ಪಿಟೀಲು ಚೌಡಯ್ಯನವರ ಹೆಸರು. ೧೮೯೫ರ ಜನವರಿಯಲ್ಲಿ ಆ ಹಳ್ಳಿಯಲ್ಲಿ ಹುಟ್ಟಿದ ಈ ಮಹನೀಯರು, ತಮ್ಮ ಹದಿನೈದನೆಯ ವಯಸ್ಸಿನಲ್ಲಿ, ಎಂದರೆ ೧೯೧೦ರಲ್ಲಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಮನೆಯನ್ನು ಸೇರಿ, ಹದಿನೇಳು ಹದಿನೆಂಟು ವರ್ಷಗಳ ಕಾಲ ಗುರುಗಳ ಕಟ್ಟುನಿಟ್ಟಿನಲ್ಲಿ ವಿದ್ಯೆಯನ್ನು ಕಲಿತರು. ಧ್ವನಿವರ್ಧಕಗಳಿಲ್ಲದಿದ್ದ ಆ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿನವರಿಗೂ ನಾದವು ಮುಟ್ಟಬೇಕೆಂದು ನಾಲ್ಕು ತಂತಿಯ ಪಿಟೀಲಿಗೆ ಮೂರನ್ನು ಸೇರಿಸಿ ಏಳು ತಂತಿಯದನ್ನಾಗಿ ಮಾಡಿದರು. ೧೯೫೭ರಲ್ಲಿ ಮದ್ರಾಸಿನ ಸಂಗೀತ ವಿದ್ವತ್ಸಭೆಯ ಸಂಗೀತ ಕಲಾನಿಧಿಗಳಾದರು. ೧೯೬೭ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಎದ್ದು ನಿಂತಿರುವುದನ್ನು ನೋಡದವರಾರು? ಇಷ್ಟೆಲ್ಲವೂ ಒಂದು ಪದವಿಯೂ ಇಲ್ಲದೆ ಆಯಿತು. ಅಜ್ಜಿಯವರ ಮಾತಿಗೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕೆ?

ಬೇಕಾದರೆ ಇನ್ನೊಂದುಂಟು. ೨೦೦೮-೦೯ರ ಸುಮಾರಿಗೆ ಮೈಸೂರಿನಲ್ಲಿ ಸ್ಥಾಪಿತವಾಗಿ ಇಂದು ಸಂಗೀತದಲ್ಲಿ ಪದವಿಗಳನ್ನು ಕೊಡುತ್ತಿರುವ ರಾಜ್ಯ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾನಿಲಯವು ಗಂಗೂಬಾಯಿ ಹಾನಗಲ್ ಅವರ ಹೆಸರನ್ನು ಹೊತ್ತಿದೆ. ಆ ತಾಯಿಯ ಶಾಲೆಯ ಓದು ಪ್ರಾಥಮಿಕ ತರಗತಿಗಳಿಗೇ ಮುಗಿದಿತ್ತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತ ವಿದ್ಯೆಯೇ ಅವರ ಆಸ್ತಿ. ಪ್ರಾಥಮಿಕ ಶಾಲೆಯನ್ನು ಮಾತ್ರ ಮುಗಿಸಿದವರ ಹೆಸರಿನಲ್ಲಿ ಸ್ನಾತಕೋತ್ತರ ಪದವಿ! ಇದನ್ನು ವಿನೋದವೆಂದು ಎಣಿಸುವವರುಂಟು. ನಮಗೆ ಹಾಗೆ ತೋರುವುದಿಲ್ಲ.

ಏಕೆಂದರೆ ಕೃಷ್ಣಪ್ಪನವರ ಮನೆಯ ವಿದ್ಯೆಯು ಪದವಿಗಿಂತ ಸುಲಭದ್ದೂ ಆಗಿರಲಿಲ್ಲ, ಅಗ್ಗದ್ದೂ ಆಗಿರಲಿಲ್ಲ. ಹದಿನೆಂಟು ವರ್ಷ! ಇಂದಿನ ಲೆಕ್ಕದಲ್ಲಿ ಅಷ್ಟು ಕಾಲದಲ್ಲಿ ಒಬ್ಬ ಹುಡುಗನು ಮೊದಲನೆಯ ತರಗತಿಯಿಂದ ಹೊರಟು ಸ್ನಾತಕೋತ್ತರ ಪದವಿಯವರೆಗೆ ಓದಿ ಮುಗಿಸಿ ಒಂದು ವರ್ಷ ಉಳಿಸಿಕೊಳ್ಳಬಹುದು. ಆ ಗುರುಗಳ ಮನೆಗಳು ಈಗ ಇಲ್ಲ. ಅರಮನೆಯ ಅನ್ನವೂ ಇಲ್ಲ. ಒಬ್ಬ ಚೌಡಯ್ಯನವರು ದಡ ಸೇರಿದ್ದನ್ನು ನಾವು ಎಣಿಸುವೆವು. ನಡುನೀರಿನಲ್ಲಿ ಕೈಬಿಟ್ಟವರು ಎಷ್ಟು ಮಂದಿಯೆಂದು ಯಾರೂ ಬರೆದಿಟ್ಟಿಲ್ಲ. ಇನ್ನೊಂದು ಸಂಗತಿಯನ್ನು ಅಜ್ಜಿಯವರ ಪಕ್ಷದವರು ಮರೆಯುವರು. ಯಾವ ಕಾಲೇಜಿಗೂ ಹೋಗದ ಚೌಡಯ್ಯನವರೇ ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿದರು. ತಮಗೆ ಬೇಡವಾದುದು ಮುಂದಿನವರಿಗೆ ಬೇಕಾದೀತೆಂದು ಕಂಡವರು ಅವರೇ.

ಇನ್ನು ಇಂದಿನ ಕಾನೂನನ್ನು ನೋಡೋಣ. ವಿಶ್ವವಿದ್ಯಾನಿಲಯಗಳ ಅನುದಾನ ಆಯೋಗದ ೨೦೧೮ರ ನಿಯಮಾವಳಿಯಲ್ಲಿ ಸಂಗೀತದ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯನ್ನೂ ರಾಷ್ಟ್ರೀಯ ಅರ್ಹತಾ ಪರೀಕ್ಷೆಯನ್ನೂ ಕೇಳಲಾಗಿದೆ. ದೊಡ್ಡ ಕಲಾವಿದರಿಗೆ ಬೇರೊಂದು ಬಾಗಿಲನ್ನೂ ತೆರೆದಿಟ್ಟಿದ್ದಾರೆ. ಗುರುಗಳಲ್ಲಿ ಕಲಿತಿರಬೇಕು, ಆಕಾಶವಾಣಿಯ ಅಥವಾ ದೂರದರ್ಶನದ 'ಎ' ಶ್ರೇಣಿಯವರಾಗಿರಬೇಕು, ವಿಷಯವನ್ನು ತರ್ಕಬದ್ಧವಾಗಿ ವಿವರಿಸಬಲ್ಲವರಾಗಿರಬೇಕು. ಸರಿಯೇ. ಆದರೆ ಆ ಬಾಗಿಲಿಗೂ ಒಂದು ಅಗುಳಿಯುಂಟು: ಮೊದಲನೆಯ ಪದವಿಯಾದರೂ ಇರಬೇಕು. ಚೌಡಯ್ಯನವರು ತಮ್ಮ ಏಳು ತಂತಿಯ ಪಿಟೀಲನ್ನು ಹಿಡಿದು ಬಂದು ನಿಂತರೂ ಗುಮಾಸ್ತರು ಮೊದಲು ಅಂಕಪಟ್ಟಿಯನ್ನು ಕೇಳಬೇಕಾಗುವುದು. ಈ ನಿಯಮವು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುವೆವು. ಜವಳಿ ಅಂಗಡಿಯವರ ಮಗಳಿಗೆ ಅದು ಇದ್ದಂತೆಯೇ ಎದುರಾಗಿ ನಿಂತಿದೆ.

ಆದರೆ ಆಕೆ ಪ್ರಾಧ್ಯಾಪಕಳಾಗಬೇಕೆಂದು ಕೇಳಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸಬೇಕೆಂದಳು. ಇಲ್ಲಿಯೇ ನಮಗೆ ವಿಷಯದ ತಿರುಳು ಕಾಣುವುದು.

ಮೈಸೂರಿನಲ್ಲಿ ಸಂಗೀತವನ್ನು ವಿಶ್ವವಿದ್ಯಾನಿಲಯದ ಮಟ್ಟದಲ್ಲಿ ಕಲಿಯಲು ಅನುಕೂಲಗಳಿಗೆ ಕೊರತೆಯಿಲ್ಲ. ೧೯೧೬ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಸ್ಥಾಪಿಸಿದ ವಿಶ್ವವಿದ್ಯಾನಿಲಯವು ೧೯೬೫ರಲ್ಲಿ ಸಂಗೀತ ನೃತ್ಯಗಳಿಗಾಗಿ ಕಾಲೇಜೊಂದನ್ನು ತೆರೆದು, ವಿದ್ವಾನ್ ವಿ. ರಾಮರತ್ನಂ ಅವರನ್ನು ಮೊದಲನೆಯ ಪ್ರಾಂಶುಪಾಲರನ್ನಾಗಿ ನೇಮಿಸಿತು. ಅದೇ ಇಂದಿನ ಮಹಿಳೆಯರ ಲಲಿತಕಲೆಗಳ ಕಾಲೇಜು. ಅನಂತರ ಬಂದದ್ದು ಮೇಲೆ ಹೇಳಿದ ಗಂಗೂಬಾಯಿಯವರ ಹೆಸರಿನ ವಿಶ್ವವಿದ್ಯಾನಿಲಯ. ನಂಜನಗೂಡಿನಿಂದ ಮೈಸೂರಿಗೆ ಸುಮಾರು ೨೫ ಕಿಲೋಮೀಟರು, ನರಸೀಪುರದಿಂದ ಸುಮಾರು ೩೦. ನಂಜನಗೂಡಿನವರಿಗೆ ರೈಲೂ ಉಂಟು, ಬಸ್ಸೂ ಉಂಟು. ನರಸೀಪುರದವರಿಗೆ ಬಸ್ಸೊಂದೇ ಗತಿ. ಒಟ್ಟಿನಲ್ಲಿ ಬೆಳಗ್ಗೆ ಬುತ್ತಿಯನ್ನು ಕಟ್ಟಿಕೊಂಡು ಹೋಗಿ ಸಂಜೆ ಮನೆಯನ್ನು ಸೇರಬಹುದಾದ ದೂರದಲ್ಲಿ ಸ್ನಾತಕೋತ್ತರ ಪದವಿಯಿರುವ ಭಾಗ್ಯವು ಎಷ್ಟು ತಾಲ್ಲೂಕುಗಳಿಗುಂಟು?

ಆದರೆ ಇಂಥ ಪದವಿಗಳ ಪಠ್ಯದ ಭಾರವೆಲ್ಲವೂ ಬೀಳುವುದು ಎಲ್ಲಿ? ಕೃತಿಗಳ ಪಾಠದ ಮೇಲೆ, ಆಲಾಪನೆ, ನೆರವಲು, ಸ್ವರಕಲ್ಪನೆಗಳ ಮೇಲೆ, ಲಕ್ಷಣಗ್ರಂಥಗಳ ಮೇಲೆ, ಮೇಳ ತಾಳ ಪದ್ಧತಿಗಳ ಚರಿತ್ರೆಯ ಮೇಲೆ. ಇವೆಲ್ಲವೂ ಬೇಕಾದವೇ. ವಿದ್ವಾಂಸನನ್ನೂ ಗಾಯಕನನ್ನೂ ಇವು ತಯಾರು ಮಾಡುವುವು. ಶಾಲೆಯ ಉಪಾಧ್ಯಾಯನನ್ನು? ನಲವತ್ತು ನಿಮಿಷಗಳ ಅವಧಿಯಲ್ಲಿ, ಶ್ರುತಿಯ ಪರಿಚಯವೇ ಇಲ್ಲದ ನಲವತ್ತೈದು ಮಕ್ಕಳ ಎದುರಿಗೆ ನಿಂತು ಮೊದಲು ಏನನ್ನು ಮಾಡಬೇಕೆಂಬುದನ್ನು ಯಾವ ಲಕ್ಷಣಗ್ರಂಥವೂ ಹೇಳಲಾರದು.

ಗುರುವಿನ ಮನೆಯ ಜಗಲಿಯ ಪಾಠವೇ ಬೇರೆ, ಶಾಲೆಯ ಕೊಠಡಿಯ ಪಾಠವೇ ಬೇರೆ. ಜಗಲಿಗೆ ಬರುವ ಮಗುವನ್ನು ತಾಯಿತಂದೆಗಳು ಆರಿಸಿ ಕಳುಹಿಸಿರುವರು. ಕಂಠವಿದ್ದರೆ ನಿಲ್ಲುವುದು, ಇಲ್ಲದಿದ್ದರೆ ಬಿಡುವುದು. ಶಾಲೆಯ ಕೊಠಡಿಯಲ್ಲಿ ಯಾರನ್ನೂ ಬಿಡುವ ಹಾಗಿಲ್ಲ. ಕಬ್ಬಿನ ಗದ್ದೆಯ ಆಳಿನ ಮಗನೂ ಅಮಲ್ದಾರರ ಮಗಳೂ ಒಂದೇ ಚಾಪೆಯ ಮೇಲೆ ಕುಳಿತಿರುವರು. ಗಂಡಸು ಮೇಷ್ಟರು ತಮ್ಮ ಶ್ರುತಿಗೆ ಹಾಡಿದರೆ ಹುಡುಗಿಯರ ದನಿ ನೆಲಕ್ಕೆ ಬೀಳುವುದು. ಹದಿಮೂರು ಹದಿನಾಲ್ಕರ ಹುಡುಗರ ಕಂಠವು ಒಡೆಯುವ ಕಾಲದಲ್ಲಿ ಅವರನ್ನು ಮೇಲಿನ ಷಡ್ಜಕ್ಕೆ ಏರಿಸಿದರೆ ಕತ್ತೆಯ ಕೂಗೆಂದು ಪಕ್ಕದವರು ನಗುವರು. "ನಿನಗೆ ಕಂಠವಿಲ್ಲ, ಹಿಂದೆ ಕೂತುಕೋ" ಎಂಬ ಒಂದು ಮಾತಿನಿಂದ ಆಜನ್ಮ ಬಾಯಿಮುಚ್ಚಿಕೊಂಡವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಈ ಪಂಕ್ತಿಯಲ್ಲಿ ನಾವೂ ಇರುವೆವೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ಪಾಠಶಾಲೆಯಲ್ಲಿ ಶ್ಲೋಕವನ್ನು ರಾಗವಾಗಿ ಹೇಳುತ್ತಿದ್ದ ನಮಗೆ ಅಂಥ ಮಾತನ್ನು ಹೇಳಿದವರು ದುಷ್ಟರಲ್ಲ. ಬಾಲಕನ ಕಂಠದ ಸ್ವಭಾವವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೇ. ಆ ತಿಳಿವಳಿಕೆಯೇ ಸಂಗೀತ ಶಿಕ್ಷಣವೆಂಬ ಶಾಸ್ತ್ರ. ಅದು ಸಂಗೀತದೊಳಗಿನ ಒಂದು ಅಧ್ಯಾಯವಲ್ಲ, ತಾನೇ ಒಂದು ವಿದ್ಯೆ.

ಇದೇನು ಪರದೇಶದ ಹೊಸ ಸರಕೋ ಎಂದು ಕೇಳುವವರಿಗೆ ಉತ್ತರವು ನಮ್ಮ ಮನೆಯಲ್ಲಿಯೇ ಇದೆ. ಕರ್ನಾಟಕ ಸಂಗೀತದ ಅಭ್ಯಾಸಕ್ರಮವನ್ನು ಸರಳಿ, ಜಂಟಿ, ಅಲಂಕಾರ, ಪಿಳ್ಳಾರಿ ಗೀತೆಗಳೆಂದು ಮೆಟ್ಟಿಲುಗಟ್ಟಿ ಕೊಟ್ಟವರು ಪುರಂದರದಾಸರೆಂದು ಸಂಪ್ರದಾಯವು ಹೇಳುತ್ತಿದೆ. ಮೊದಲ ಪಾಠಕ್ಕೆ ಮಾಯಾಮಾಳವಗೌಳವನ್ನು ಆರಿಸಿದುದರಲ್ಲಿ ಎಂಥ ಉಪಾಧ್ಯಾಯಬುದ್ಧಿಯಿದೆ ನೋಡಿರಿ. ಆ ರಾಗದಲ್ಲಿ ಷಡ್ಜದಿಂದ ಮಧ್ಯಮದವರೆಗಿನ ಸ್ವರಗಳ ನಡುವಣ ಅಂತರಗಳು ಯಾವುವೋ, ಪಂಚಮದಿಂದ ಮೇಲಿನ ಷಡ್ಜದವರೆಗೂ ಅವೇ. ಕೆಳಗಿನ ನಾಲ್ಕು ಮೆಟ್ಟಿಲುಗಳನ್ನು ಹತ್ತಲು ಕಲಿತ ಮಗುವಿಗೆ ಮೇಲಿನ ನಾಲ್ಕು ಪರಿಚಿತವಾದವುಗಳೇ ಆಗಿರುವುವು. ಬೋಧನ ಶಾಸ್ತ್ರವೆಂದರೆ ಇದಲ್ಲದೆ ಮತ್ತೇನು? ನಾಲ್ಕೂವರೆ ಶತಮಾನಗಳಿಂದ ಈ ಕ್ರಮವನ್ನು ನಾವು ಅನುಸರಿಸುತ್ತ ಬಂದಿದ್ದೇವೆ. ಅದು ಏಕೆ ಹಾಗಿದೆಯೆಂದು, ಗುಂಪಿನ ಪಾಠಕ್ಕೆ ಅದನ್ನು ಹೇಗೆ ಹೊಂದಿಸಬೇಕೆಂದು ವಿಚಾರಿಸಿದವರು ಮಾತ್ರ ವಿರಳ.

ಹೊರಗಿನವರು ವಿಚಾರಿಸಿದ್ದಾರೆ. ಅಮೆರಿಕದ ಬೋಸ್ಟನ್ ಪಟ್ಟಣದ ಸರ್ಕಾರಿ ಶಾಲೆಗಳಲ್ಲಿ ಲೊವೆಲ್ ಮೇಸನ್ ಎಂಬವನ ಯತ್ನದಿಂದ ೧೮೩೮ರಲ್ಲಿಯೇ ಸಂಗೀತವು ಪಾಠದ ವಿಷಯವಾಯಿತು. ಇಂದು ಆ ದೇಶದಲ್ಲಿ ಸಂಗೀತ ಶಿಕ್ಷಣವೆಂಬ ಹೆಸರಿನಲ್ಲಿಯೇ ಪ್ರತ್ಯೇಕವಾದ ಸ್ನಾತಕೋತ್ತರ ಪದವಿಯಿದ್ದು, ಕೆಲಸದಲ್ಲಿರುವ ಉಪಾಧ್ಯಾಯರು ಬೇಸಗೆಯ ರಜೆಗಳಲ್ಲಿಯೇ ಅದನ್ನು ಓದಿ ಮುಗಿಸುವ ಏರ್ಪಾಡೂ ಅನೇಕ ಕಡೆ ಉಂಟು. ಇದಕ್ಕಿಂತ ನಮಗೆ ಹತ್ತಿರವಾದ ದೃಷ್ಟಾಂತ ಹಂಗೆರಿ ದೇಶದ್ದು. ಜೋಲ್ಟಾನ್ ಕೊಡಾಯ್ ಎಂಬ ಸಂಗೀತಗಾರನು ೧೯೦೫ರಿಂದ ಹಳ್ಳಿಹಳ್ಳಿಗಳನ್ನು ತಿರುಗಿ ರೈತರ ಹಾಡುಗಳನ್ನು ಸಂಗ್ರಹಿಸಿ, ತನ್ನ ನಾಡಿನ ಮಕ್ಕಳಿಗೆ ಮೊದಲ ಪಾಠವು ಈ ಹಾಡುಗಳಿಂದಲೇ ಆಗಬೇಕೆಂದು ಹಟ ಹಿಡಿದನು. ೧೯೫೦ರಲ್ಲಿ ಅವನು ಹುಟ್ಟಿದ ಕೆಚ್ಕೆಮೇಟ್ ಎಂಬ ಊರಿನಲ್ಲಿ ಪ್ರತಿದಿನವೂ ಹಾಡುಗಾರಿಕೆಯ ಪಾಠವಿರುವ ಪ್ರಾಥಮಿಕ ಶಾಲೆಯು ಆರಂಭವಾಯಿತು. ೧೯೭೫ರಲ್ಲಿ ಅದೇ ಊರಿನಲ್ಲಿ ಉಪಾಧ್ಯಾಯರನ್ನು ತರಬೇತುಗೊಳಿಸುವ ಸಂಸ್ಥೆಯೂ ಸ್ಥಾಪಿತವಾಗಿ, ಇಂದು ನಾನಾ ದೇಶಗಳವರು ಅಲ್ಲಿಗೆ ಬಂದು ಪದವಿಯನ್ನು ಪಡೆಯುತ್ತಿರುವರು. ಕೆಚ್ಕೆಮೇಟ್ ರಾಜಧಾನಿಯಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಒಂದು ತಮಾಷೆಯೂ ಇದರಲ್ಲಿದೆ. ಕೊಡಾಯ್ ತನ್ನ ಪಾಠಕ್ರಮಕ್ಕಾಗಿ ಆಧಾರಸ್ವರವನ್ನು ಹಾಡುವವನ ಅನುಕೂಲದಂತೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳುವ ಪದ್ಧತಿಯನ್ನು ಇಂಗ್ಲೆಂಡಿನಿಂದ ತರಿಸಿಕೊಳ್ಳಬೇಕಾಯಿತು. ನಮ್ಮ ಮಗುವಿಗೆ ಷಡ್ಜವು ಹುಟ್ಟಿನಿಂದಲೇ ಹಾಗಿದೆ!

ನಮ್ಮ ದೇಶದಲ್ಲಿಯೂ ಈ ವಿಚಾರವು ಹೊಳೆಯದೆ ಇರಲಿಲ್ಲ. ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯವರು ೧೯೩೧ರಲ್ಲಿಯೇ ಸಂಗೀತದ ಉಪಾಧ್ಯಾಯರಿಗಾಗಿ ಕಾಲೇಜನ್ನು ತೆರೆದು, ಟೈಗರ್ ವರದಾಚಾರ್ಯರಂಥ ಮಹಾವಿದ್ವಾಂಸರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿದರು. ಮಹಾವಿದ್ವಾಂಸರಿಗೂ ಮೇಷ್ಟರ ತರಬೇತಿಯ ಕೆಲಸವು ಕೀಳೆಂದು ತೋರಲಿಲ್ಲ. ಮೈಸೂರಿನಲ್ಲಿ ೧೮೮೧ರಲ್ಲಿ ಅಂಬಿಲ್ ನರಸಿಂಹಯ್ಯಂಗಾರ್ಯರು ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆಯನ್ನು ಆರಂಭಿಸಿದ ಕಾಲದಿಂದಲೂ ಸಂಗೀತವು ಓದಿನ ಜೊತೆಯಲ್ಲಿ ನಡೆದು ಬಂದಿದೆ. ಪರೀಕ್ಷೆಗೆ ಕೂರುವುದು ಕಲಾವಿದರಿಗೆ ಅವಮಾನವೆಂದು ಮೂಗು ಮುರಿಯುವವರಿಗೆ ಜಯಚಾಮರಾಜ ಒಡೆಯರವರನ್ನು ನೆನಪಿಸುವೆವು. ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದ ಆ ಅರಸರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟರಾಗಿದ್ದರು. ೧೯೪೫ರಲ್ಲಿ ಅಲ್ಲಿನ ಟ್ರಿನಿಟಿ ಕಾಲೇಜು ಅವರಿಗೆ ಗೌರವ ಸದಸ್ಯತ್ವವನ್ನು ಕೊಟ್ಟಿತು. ನೌಕರಿಯ ಆಸೆಯಿಂದ ಅವರು ಆ ಕಷ್ಟವನ್ನು ಪಟ್ಟವರಲ್ಲವಷ್ಟೆ!

ಇಷ್ಟು ಹೇಳಿದ ಮೇಲೆ ನಮ್ಮ ಶಾಲೆಗಳ ಸ್ಥಿತಿಯನ್ನು ನೋಡಬೇಕು. ಕೆಲವು ತಿಂಗಳ ಹಿಂದೆ ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರ ಶಾಲೆಗೆ ನಾವು ಬೆಳಗಿನ ಪ್ರಾರ್ಥನೆಯ ವೇಳೆಗೆ ಹೋಗಿದ್ದೆವು. ಮಕ್ಕಳು ನಾಡಗೀತೆಯನ್ನು ಹಾಡಿದರು. ಭಕ್ತಿಗೆ ಕೊರತೆಯಿರಲಿಲ್ಲ. ಆದರೆ ಮುಂದಿನ ಸಾಲು ಒಂದು ಶ್ರುತಿಯಲ್ಲಿ, ಹಿಂದಿನ ಸಾಲು ಇನ್ನೊಂದರಲ್ಲಿ, ಕೊನೆಯ ಸಾಲಿನ ದೊಡ್ಡ ಹುಡುಗರು ಬಾಯಿಯನ್ನು ಆಡಿಸುವುದರಲ್ಲಿ! ಮುಖ್ಯೋಪಾಧ್ಯಾಯರು ಸಜ್ಜನರು. "ನಮ್ಮಲ್ಲಿ ಗಣಿತದ ಮೇಷ್ಟರೇ ಹಾಡು ಹೇಳಿಕೊಡುತ್ತಾರೆ, ಅವರಿಗೆ ಸ್ವಲ್ಪ ಭಜನೆಯ ಅಭ್ಯಾಸವಿದೆ" ಎಂದರು. ಪ್ರತಿಭಾ ಕಾರಂಜಿಯ ಸ್ಪರ್ಧೆ ಹತ್ತಿರ ಬಂದಾಗ ಆ ಗಣಿತದ ಮೇಷ್ಟರೇ ಒಬ್ಬಿಬ್ಬರು ಕಂಠವಿರುವ ಮಕ್ಕಳನ್ನು ಆರಿಸಿ ಒಂದು ಭಾವಗೀತೆಯನ್ನೋ ಜನಪದ ಗೀತೆಯನ್ನೋ ತಯಾರು ಮಾಡುವರಂತೆ. ವರ್ಷದ ಉಳಿದ ದಿನಗಳಲ್ಲಿ ಸಂಗೀತವಿಲ್ಲ.

ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷಗಳಲ್ಲಿ ಹಾಡತಕ್ಕದ್ದೆಂದು ಸರ್ಕಾರದವರು ೨೦೨೨ರಲ್ಲಿ ಆಜ್ಞೆ ಮಾಡಿದರು. ಆ ಆಜ್ಞೆಯನ್ನು ಪ್ರಶ್ನಿಸಿದ ಅರ್ಜಿಯು ಉಚ್ಚ ನ್ಯಾಯಾಲಯದವರೆಗೆ ಹೋಗಿ ೨೦೨೪ರಲ್ಲಿ ವಜಾ ಆಯಿತು. ಧಾಟಿ ಯಾವುದೆಂಬುದು ತೀರ್ಮಾನವಾಯಿತು, ಕಾಲಾವಧಿಯೂ ತೀರ್ಮಾನವಾಯಿತು. ಆ ಧಾಟಿಯನ್ನು ಮಕ್ಕಳಿಗೆ ಶ್ರುತಿಶುದ್ಧವಾಗಿ ಕಲಿಸುವವರು ಯಾರೆಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಲಿಲ್ಲ.

ಕಾನೂನಿನಲ್ಲಿ ಅವಕಾಶವೇ ಇಲ್ಲವೆಂದು ಅಧಿಕಾರಿಗಳು ಹೇಳುವ ಹಾಗಿಲ್ಲ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯಲ್ಲಿ, ಆರರಿಂದ ಎಂಟನೆಯ ತರಗತಿಯವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾಶಿಕ್ಷಣಕ್ಕಾಗಿ ಅರೆಕಾಲದ ಬೋಧಕರಿರಬೇಕೆಂದು ಸ್ಪಷ್ಟವಾಗಿ ಬರೆದಿದೆ. ೨೦೨೩ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಸಂಗೀತವೇ ಮೊದಲಾದ ಕಲೆಗಳನ್ನು ಭಾಷೆ ಗಣಿತಗಳ ಪಂಕ್ತಿಯಲ್ಲಿಯೇ ಕೂರಿಸಿದೆ. ಪಂಕ್ತಿಯಲ್ಲಿ ಕೂರಿಸಿದರಾಯಿತೆ, ಎಲೆಗೆ ಬಡಿಸಬೇಡವೆ? ನೂರು ಮಕ್ಕಳಿಲ್ಲದ ಶಾಲೆಗಳು ನಮ್ಮ ಹಳ್ಳಿಗಳಲ್ಲಿ ಹೇರಳವಾಗಿವೆ. ಅವು ಆ ಅನುಸೂಚಿಯ ಹೊರಗೇ ಉಳಿಯುವುವು. ಒಳಗಿರುವ ಕಡೆಯೂ ಚಿತ್ರ ಬರೆಯಿಸುವ ಉಪಾಧ್ಯಾಯರೊಬ್ಬರಿದ್ದರೆ 'ಕಲೆ' ಎಂಬ ಕಲಮು ಭರ್ತಿಯಾಯಿತೆಂದು ಎಣಿಸುವುದು ಕಛೇರಿಗಳ ವಾಡಿಕೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ಪ್ರಾಥಮಿಕ ತರಗತಿಗಳಿಗೆ ಸಂಗೀತದ ಉಪಾಧ್ಯಾಯರ ಹುದ್ದೆಯೇ ಇದ್ದು, ಅದಕ್ಕೆ ಸಂಗೀತದಲ್ಲಿ ಪದವಿಯನ್ನು ಕೇಳುವರು. ಕೇಂದ್ರ ಸರ್ಕಾರದ ನೌಕರರ ಮಕ್ಕಳಿಗೆ ಬೇಕಾದ ಸಂಗೀತವು ಕಪಿಲಾ ತೀರದ ರೈತರ ಮಕ್ಕಳಿಗೆ ಬೇಡವಾದುದು ಹೇಗೆ?

ತರಬೇತಿಯ ಕಡೆಗೂ ಇದೇ ಕಥೆ. ಬಿ.ಎಡ್. ಪಠ್ಯದಲ್ಲಿ ಗಣಿತ, ವಿಜ್ಞಾನ, ಭಾಷೆಗಳಿಗೆ ಬೋಧನಕ್ರಮದ ಪೂರ್ಣಪಾಠಗಳುಂಟು. ಸಂಗೀತಕ್ಕೆ ಸಿಕ್ಕುವುದು ಶಿಕ್ಷಣದಲ್ಲಿ ನಾಟಕ ಮತ್ತು ಕಲೆಯೆಂಬ ಚಿಕ್ಕ ವಿಷಯದಲ್ಲಿ ಒಂದು ಮೂಲೆ. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನವರು ೨೦೧೪ರ ನಿಯಮಗಳಲ್ಲಿ ಪ್ರದರ್ಶಕ ಕಲೆಗಳ ಶಿಕ್ಷಣಕ್ಕೆಂದು ಎರಡು ವರ್ಷಗಳ ಡಿಪ್ಲೊಮಾದ ನಕ್ಷೆಯನ್ನು ಬರೆದಿಟ್ಟಿದ್ದಾರೆ. ಆದರೆ ಬರೆದಿಟ್ಟ ನಕ್ಷೆಯು ಹಾಡುವುದಿಲ್ಲ. ಹೀಗೆ ಹಾಡಬಲ್ಲವನಿಗೆ ಕಲಿಸುವ ತರಬೇತಿಯಿಲ್ಲ, ಕಲಿಸುವ ತರಬೇತಿಯುಳ್ಳವನಿಗ ಹಾಡು ಬಾರದು. ಎರಡರ ನಡುವೆ ಮಗುವು ಸುಮ್ಮನೆ ಕುಳಿತಿದೆ.

ಸುಮ್ಮನೆ ಎಂದೆವೆ? ತಪ್ಪಾಯಿತು. ಶಾಲೆಯ ಹೊರಗೆ ಆ ಮಗುವು ಸುಮ್ಮನಿಲ್ಲ. ಮಂಟೇಸ್ವಾಮಿಯ ಕಾವ್ಯವನ್ನು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ನೀಲಗಾರರು, ಮಲೆಯ ಮಾದೇಶ್ವರನ ಕಥೆಯನ್ನು ಕಂಸಾಳೆಯ ಪೆಟ್ಟಿಗೆ ಕುಣಿಯುತ್ತ ಹೇಳುವ ದೇವರಗುಡ್ಡರು ಇದೇ ಸೀಮೆಯವರು. ನಂಜುಂಡೇಶ್ವರನ ದೊಡ್ಡ ಜಾತ್ರೆಯ ಐದು ತೇರುಗಳ ಮುಂದೆ ನುಡಿಯುವ ನಾಗಸ್ವರ, ಸುತ್ತೂರಿನ ಜಾತ್ರೆಯ ಭಜನೆಯ ಮೇಳಗಳು, ಮಾರಿಹಬ್ಬದ ತಮಟೆ, ಇವೆಲ್ಲವೂ ಆ ಮಗುವಿನ ಕಿವಿಯಲ್ಲಿ ತುಂಬಿವೆ. ಕಂಸಾಳೆಯ ತಾಳವನ್ನು ಕಾಲಿನಲ್ಲಿ ತಪ್ಪದೆ ಹಿಡಿಯಬಲ್ಲ ಹುಡುಗನಿಗೆ ಶಾಲೆಯಲ್ಲಿ ಆದಿತಾಳವು ಬಾರದೆಂದರೆ ದೋಷವು ಹುಡುಗನದ್ದಲ್ಲ. ಕೊಡಾಯ್ ಹಳ್ಳಿಗಳಲ್ಲಿ ಹುಡುಕಿಕೊಂಡು ಹೋದದ್ದು ನಮಗೆ ಮನೆಯ ಬಾಗಿಲಿನಲ್ಲಿಯೇ ಇದೆ. ಆ ಹಾಡುಗಳಲ್ಲಿ ಎಷ್ಟು ಸ್ವರಗಳ ಹರವಿದೆ, ಯಾವ ವಯಸ್ಸಿನ ಕಂಠಕ್ಕೆ ಯಾವುದು ಒಗ್ಗುವುದು, ಅಲ್ಲಿಂದ ಸರಳಿ ವರಸೆಗೂ ಅಲಂಕಾರಕ್ಕೂ ಸೇತುವೆಯನ್ನು ಎಲ್ಲಿ ಕಟ್ಟಬಹುದು, ಇದನ್ನೆಲ್ಲ ಕುಳಿತು ವಿಂಗಡಿಸುವುದು ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ, ಬಿಡುವಿನ ಹೊತ್ತಿನ ಕೆಲಸವೂ ಅಲ್ಲ. ಇಂಥ ಕಾರ್ಯಕ್ಕಲ್ಲದೆ ಸ್ನಾತಕೋತ್ತರ ಪದವಿಯಿರುವುದು ಮತ್ತೆ ಯಾತಕ್ಕೆ? ಅದೇ ಹತ್ತು ವಾಗ್ಗೇಯಕಾರರ ಜೀವನಚರಿತ್ರೆಯನ್ನು ಪುನಃ ಪುನಃ ಬರೆದು ರಟ್ಟು ಕಟ್ಟಿಸುವ ಪ್ರಬಂಧಗಳಿಗಿಂತ, ನಂಜನಗೂಡಿನ ಒಂದು ಶಾಲೆಯ ಏಳನೆಯ ತರಗತಿಯು ಒಂದು ವರ್ಷದಲ್ಲಿ ಏನನ್ನು ಕಲಿತಿತೆಂಬ ವರದಿಯು ನಾಡಿಗೆ ಹೆಚ್ಚು ಉಪಕಾರವಾದೀತು.

ಆದುದರಿಂದ ವಿಶ್ವವಿದ್ಯಾನಿಲಯಗಳವರನ್ನು ನಾವು ಕೇಳುವುದಿಷ್ಟು. ಸಂಗೀತದ ಸ್ನಾತಕೋತ್ತರ ಪದವಿಯಲ್ಲಿ ಬೋಧನಕ್ಕೆಂದು ಒಂದು ಶಾಖೆಯನ್ನು ತೆರೆಯಿರಿ. ಆ ಶಾಖೆಯ ವಿದ್ಯಾರ್ಥಿಗಳು ಒಂದು ಅರ್ಧವರ್ಷವನ್ನಾದರೂ ನಂಜನಗೂಡು, ನರಸೀಪುರಗಳಂಥ ಊರುಗಳ ಸರ್ಕಾರಿ ಶಾಲೆಗಳಲ್ಲಿ ಕಳೆಯಲಿ. ಪರೀಕ್ಷಕರು ಸಭಾಂಗಣದಲ್ಲಿ ಕುಳಿತು ತೋಡಿಯ ಆಲಾಪನೆಯನ್ನು ಕೇಳಿದಂತೆಯೇ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠವನ್ನೂ ಕೇಳಿ ಅಂಕವನ್ನು ಕೊಡಲಿ. ಈಗಾಗಲೇ ಕೆಲಸದಲ್ಲಿರುವ, ಹಾಡಿನಲ್ಲಿ ಆಸಕ್ತಿಯುಳ್ಳ ಉಪಾಧ್ಯಾಯರಿಗೆ (ನಮ್ಮ ಆ ಗಣಿತದ ಮೇಷ್ಟರಂಥವರಿಗೆ) ಬೇಸಗೆಯ ರಜೆಯಲ್ಲಿ ಓದುವ ಅನುಕೂಲವಾಗಲಿ. ವಿದ್ಯಾ ಇಲಾಖೆಯವರನ್ನು ಕೇಳುವುದು ಇನ್ನೂ ಕಡಿಮೆ. ಶಾಲೆಗೊಬ್ಬರನ್ನು ನೇಮಿಸುವ ಹಣವಿಲ್ಲವೆಂದರೆ ನಾಲ್ಕೈದು ಹಳ್ಳಿಗಳ ಶಾಲೆಗಳ ಗುಂಪಿಗೆ ಒಬ್ಬರನ್ನು ನೇಮಿಸಿರಿ. ವಾರಕ್ಕೆ ಒಂದು ದಿನ ಒಂದು ಶಾಲೆ. ಹುದ್ದೆಯಿಲ್ಲದ ಪದವಿಯು ತೇರಿಲ್ಲದ ಮಿಣಿಯಂತೆ. ಎಷ್ಟು ಜನ ಹಿಡಿದೆಳೆದರೂ ಏನೂ ಮುಂದಕ್ಕೆ ಸಾಗದು.

ಇನ್ನು ಜವಳಿ ಅಂಗಡಿಯವರಿಗೆ ನಾವು ಕೊಡಬೇಕಾದ ಅರ್ಧ ಉತ್ತರ. ಸಂಬಳವನ್ನು ಮಾತ್ರ ನೋಡಿ ಹಣ ಹಾಕುವುದಾದರೆ ಹಾಕಬೇಡಿರಿ. ರಾಜ್ಯದ ಶಾಲೆಗಳಲ್ಲಿ ಇಂದು ಸಂಗೀತದ ಹುದ್ದೆಗಳು ಅಂಗೈ ಮೇಲೆ ಎಣಿಸುವಷ್ಟು. ಖಾಸಗಿ ಶಾಲೆಗಳವರು ಕೊಡುವ ಸಂಬಳವನ್ನು ತಾವು ನಮಗಿಂತ ಚೆನ್ನಾಗಿ ಬಲ್ಲಿರಿ. ಕಾಲೇಜಿನ ಕೆಲಸಕ್ಕೆ ಪದವಿಯ ಮೇಲೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಗುಡ್ಡವಿದೆ. ಆದರೆ ಹುಡುಗಿಗೆ ಕಲಿಸುವುದರಲ್ಲಿ ನಿಜವಾದ ಮನಸ್ಸಿದ್ದರೆ ತಡೆಯಬೇಡಿರಿ. ಅರ್ಜಿ ಹಾಕುವ ಮೊದಲು ಆ ವಿಭಾಗದವರನ್ನು ಕಂಡು, ಪಾಠ ಹೇಳುವ ಅಭ್ಯಾಸಕ್ಕೆ ಎಷ್ಟು ಅವಧಿಗಳಿವೆ, ಶಾಲೆಯನ್ನು ಕುರಿತು ಪ್ರಬಂಧ ಬರೆಯಲು ಮಾರ್ಗದರ್ಶಕರು ಒಪ್ಪುವರೇ ಎಂದು ಕೇಳಲಿ. ಎರಡು ವರ್ಷವೂ ಜಗಲಿಯ ಪಾಠವನ್ನು ನಿಲ್ಲಿಸದಿರಲಿ. ವಿಶ್ವವಿದ್ಯಾನಿಲಯದಲ್ಲಿ ಓದಿದ್ದನ್ನು ಸಂಜೆ ಆ ಇಪ್ಪತ್ತು ಮಕ್ಕಳ ಮುಂದೆ ಒರೆಗೆ ಹಚ್ಚಲಿ. ಅಜ್ಜಿಯವರಿಗೆ ನಮ್ಮ ನಮಸ್ಕಾರಗಳನ್ನು ತಿಳಿಸಿ, ಚೌಡಯ್ಯನವರೂ ಕಾಲೇಜನ್ನು ತೆರೆದರೆಂಬುದನ್ನು ಹೇಳಿರಿ.

ಈ ಲೇಖನವನ್ನು ಅಚ್ಚಿಗೆ ಕೊಡುವ ಹೊತ್ತಿಗೆ ಅವರು ಪುನಃ ಬಂದಿದ್ದರು. ನಮ್ಮ ಉತ್ತರಕ್ಕೆ ಕಾಯದೆ ಮಗಳು ಅರ್ಜಿಯನ್ನು ತುಂಬಿಬಿಟ್ಟಿದ್ದಾಳೆಂದು ನಗುತ್ತ ಹೇಳಿ, ಅದರ ಪ್ರತಿಯನ್ನು ನಮ್ಮ ಮೇಜಿನ ಮೇಲಿಟ್ಟರು. ವೃತ್ತಿ ಎಂಬ ಕಲಮಿನಲ್ಲಿ 'ವಿದ್ಯಾರ್ಥಿನಿ' ಎಂದು ಬರೆದು, ಹೊಡೆದುಹಾಕಿ, ಮೇಲೆ 'ಉಪಾಧ್ಯಾಯಿನಿ' ಎಂದು ತಿದ್ದಿತ್ತು.